ವಾರಕ್ಕೆ 168 ಗಂಟೆ, ಅದರಲ್ಲಿ ಥೆರಪಿ 2 ಗಂಟೆ. ಉಳಿದದ್ದು?

ಪುಟ್ಟಿಯ ಅಮ್ಮ

ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಮಗಳಿಗೆ 22 ತಿಂಗಳು. ಏಳನೇ ತಿಂಗಳಲ್ಲೇ ಏನು ಕೊಟ್ಟರೂ ಎಡಗೈಯಲ್ಲಿ ಹಿಡಿಯುತ್ತಿದ್ದಳು. ಬಲಗೈ ಮುಷ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಸುಮ್ನೆ ಇರುತ್ತಿತ್ತು. "ಎಡಚಿ ಆಗುತ್ತಾಳೆ ನೋಡು" ಎಂದು ಮನೆಯವರೆಲ್ಲ ನಕ್ಕಿದ್ದೆವು. ಫೋಟೋ ಬೇರೆ ತೆಗೆದಿಟ್ಟಿದ್ದೇನೆ. ಈಗ ಅವನ್ನು ನೋಡಲು ಆಗುವುದಿಲ್ಲ. 13ನೇ ತಿಂಗಳಲ್ಲಿ ಸ್ಕ್ಯಾನ್ ಆಯಿತು. ಹುಟ್ಟುವ ಹೊತ್ತಿಗೆ ಮಿದುಳಿನ ಎಡಭಾಗದಲ್ಲಿ ಸ್ವಲ್ಪ ಜಾಗಕ್ಕೆ ರಕ್ತ ಹರಿಯದೆ ಪೆಟ್ಟಾಗಿದೆ ಎಂದರು. ಸೆರೆಬ್ರಲ್ ಪಾಲ್ಸಿ, ಬಲಭಾಗದ ಹೆಮಿಪ್ಲೀಜಿಯಾ, ಅಂದರೆ ಬಲಗೈ, ಬಲಗಾಲು ಸರಿಯಾಗಿ ಮಾತು ಕೇಳುವುದಿಲ್ಲ. ನಡೆಯುತ್ತಾಳೆ, ಬಲಗಾಲು ಸ್ವಲ್ಪ ಎಳೆಯುತ್ತಾಳೆ. ಮಾತಿಗೇನೂ ಕೊರತೆ ಇಲ್ಲ, ಸ್ವಲ್ಪ ಜಾಸ್ತಿಯೇ.

ವಾರಕ್ಕೆ ಎರಡು ಸಲ, ಒಂದೊಂದು ಗಂಟೆ ಥೆರಪಿ. ಮನೆಯಲ್ಲಿ ಮಾಡಿಸಲು ಒಂದು ಹಾಳೆ ಕೊಟ್ಟಿದ್ದಾರೆ. 14 ವ್ಯಾಯಾಮ, ದಿನಕ್ಕೆ ಮೂರು ಸಲ. ಬೆರಳು ಬಿಡಿಸುವುದು, ಮಣಿಕಟ್ಟು ಹಿಂದಕ್ಕೆ ಎಳೆಯುವುದು, ಪಾದ ಮೇಲಕ್ಕೆ ಒತ್ತುವುದು, ಇಂಥವೇ. ನಾನು ಚಾಪೆ ಹಾಸುವುದು ಕಂಡರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. ಅಲ್ಲಿಂದ ಎಳೆದು ತಂದು ಮಾಡಿಸುತ್ತೇನೆ. ಅವಳೂ ಅಳುತ್ತಾಳೆ, ನಾನೂ ಅಳುತ್ತೇನೆ.

ನಮ್ಮನೆಯವರು "ಮೂರು ವರ್ಷದೊಳಗೆ ಎಷ್ಟು ಮಾಡಿಸಿದರೆ ಅಷ್ಟು, ಆಮೇಲೆ ಬಾಗಿಲು ಮುಚ್ಚುತ್ತೆ" ಅನ್ನುತ್ತಾರೆ. ಅತ್ತೆ "ಬಿಡು, ತಾನಾಗಿ ಸರಿಹೋಗುತ್ತೆ" ಅನ್ನುತ್ತಾರೆ. ವಾರಕ್ಕೆ 168 ಗಂಟೆ. ಥೆರಪಿಸ್ಟ್ ಕೈಯಲ್ಲಿ ಇರುವುದು 2. ಉಳಿದ 166ರಲ್ಲಿ ನಾನು ಮಾಡುತ್ತಿರುವುದು ಜಾಸ್ತಿಯಾ, ಕಮ್ಮಿಯಾ?

ಮೂರು ಚಕ್ರ

ಕಮ್ಮಿ ಎಂದೇ ಹೇಳುತ್ತೇನೆ ಅಕ್ಕಾ, ತಪ್ಪು ತಿಳಿಯಬೇಡಿ.

ನನ್ನ ಮಗನಿಗೆ 5 ವರ್ಷ. 29ನೇ ವಾರಕ್ಕೇ ಹುಟ್ಟಿದವನು. ಎರಡೂ ಕಾಲು ಸೆಟೆದುಕೊಳ್ಳುತ್ತವೆ, ಕತ್ತರಿಯ ಹಾಗೆ ಒಂದರ ಮೇಲೊಂದು ಬರುತ್ತವೆ. ಆಸರೆ ಕೊಟ್ಟರೆ ಕೂರುತ್ತಾನೆ, ನಡೆಯುವುದಿಲ್ಲ. ದಿನಕ್ಕೆ ನಾಲ್ಕು ಗಂಟೆ ಕಾಲು ಎಳೆದು ಮಾಡಿಸುತ್ತೇವೆ. ಬೆಳಿಗ್ಗೆ ನಾನು, ಸಂಜೆ ಅವನ ತಾಯಿ. ಜ್ವರದ ದಿನಗಳನ್ನು ಬಿಟ್ಟರೆ ಒಂದು ದಿನವೂ ತಪ್ಪಿಸಿಲ್ಲ. ಅಳುತ್ತಾನೆ, ನಿಜ. ನಾಳೆ ದೊಡ್ಡವನಾಗಿ "ಅಪ್ಪಾ, ಆಗಲೇ ಯಾಕೆ ಮಾಡಿಸಲಿಲ್ಲ" ಎಂದು ಕೇಳಬಾರದು ನೋಡಿ.

ಹಳೇ ಫಿಸಿಯೋ

ಮಕ್ಕಳ ಫಿಸಿಯೋಥೆರಪಿ ಮಾಡುತ್ತಾ 19 ವರ್ಷ ಆಯಿತು. ನಿಮ್ಮ ಮಗಳನ್ನು ನಾನು ನೋಡಿಲ್ಲ. ನಿಮ್ಮ ಥೆರಪಿಸ್ಟ್ ಹತ್ತಿರ ಮಾತಾಡದೆ ಏನನ್ನೂ ಬಿಡಬೇಡಿ, ಏನನ್ನೂ ಸೇರಿಸಬೇಡಿ. ಅದೊಂದು ಮಾತು ಮೊದಲು.

ಆಮೇಲೆ ಆ ಫೋಟೋ. ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸುತ್ತಿದ್ದರೆ ಅದನ್ನು ಎಡಚ, ಬಲಚ ಎಂದು ನೋಡಬಾರದು. ಸುಮ್ಮನಿರುವ ಇನ್ನೊಂದು ಕೈಯನ್ನು ನೋಡಬೇಕು. ನಮಗೆ ಇದು ಪಾಠದಲ್ಲಿ ಬರುತ್ತದೆ, ಮನೆಯವರಿಗೆ ಯಾರು ಹೇಳಿರುತ್ತಾರೆ? ಅಂಥ ಫೋಟೋ ಹಿಡಿದುಕೊಂಡು ಬಂದ ಅಮ್ಮಂದಿರನ್ನು ಎಷ್ಟು ಜನರನ್ನು ನೋಡಿದ್ದೇನೋ. ಮೂರು ವರ್ಷಕ್ಕೆ ಗೊತ್ತಾದ ಮಕ್ಕಳೂ ಇದ್ದಾರೆ.

ಈಗ ಹಾಳೆಗೆ ಬರೋಣ. ನೀವು ಬರೆದದ್ದರಲ್ಲಿ ಎಲ್ಲವೂ "ಬಿಡಿಸುವುದು, ಎಳೆಯುವುದು, ಒತ್ತುವುದು." ಮಾಡುವವರು ನೀವು, ಮಗು ಅಲ್ಲ. ಹೀಗೆ ಎಳೆಯುವುದರಿಂದ ಕೀಲಿನ ಬಿಗಿತ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ ಎಂದು 2017ರಲ್ಲಿ ಕಾಕ್ರೇನ್ ವಿಮರ್ಶೆ ಬಂತು, ಅಂದರೆ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ವರದಿ. ಅಲ್ಲಿಯವರೆಗೆ ನಾನೂ ಅದನ್ನೇ ಮಾಡಿಸಿದವನು. ಓದಿದ ದಿನ ನಿದ್ದೆ ಬರಲಿಲ್ಲ, ಸುಳ್ಳು ಹೇಳುವುದಿಲ್ಲ. ನಿಜವಾಗಿ ಬಿಗಿತ ಬಂದಿದ್ದರೆ ಬೇರೆ ದಾರಿಗಳಿವೆ. ವಾರ ವಾರ ಬದಲಿಸುತ್ತಾ ಸ್ವಲ್ಪ ಸ್ವಲ್ಪ ಮುಂದೆ ತರುವ ಪ್ಲಾಸ್ಟರ್ ಒಂದು. ಬಿಗಿದ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಇನ್ನೊಂದು. ಅದರ ಕೆಲಸ ಮೂರು ನಾಲ್ಕು ತಿಂಗಳು ಇರುತ್ತದೆ, ಆ ಹೊತ್ತಿನಲ್ಲಿ ಮಗುವಿಗೆ ಏನಾದರೂ ಕಲಿಸಬೇಕು. ಇಲ್ಲವಾದರೆ ಚುಚ್ಚಿಸಿದ್ದಷ್ಟೇ ಬಂತು.

ಕೈಗೆ ನಿಜವಾಗಿ ಉಪಯೋಗ ಆಗುವುದು ಎರಡು. ಒಂದು, ಚೆನ್ನಾಗಿರುವ ಕೈಗೆ ಚೀಲದಂಥ ಗವಸು ಹಾಕಿ ಸ್ವಲ್ಪ ಹೊತ್ತು ಅದಕ್ಕೆ ರಜೆ ಕೊಡುವುದು. ಬಳಸದ ಕೈಯನ್ನು ಮಿದುಳು ಲೆಕ್ಕದಿಂದ ಬಿಟ್ಟುಬಿಡುತ್ತದೆ. ಅದನ್ನು ಮತ್ತೆ ಲೆಕ್ಕಕ್ಕೆ ತರುವ ಉಪಾಯ ಇದು. ವರ್ಷದೊಳಗಿನ ಕೂಸುಗಳಿಗೂ ಇದನ್ನು ಮಾಡಿದ್ದಾರೆ: ದಿನಕ್ಕೆ 30 ನಿಮಿಷ, ವಾರಕ್ಕೆ 6 ದಿನ, 6 ವಾರದ ಎರಡು ಸುತ್ತು. ಎರಡನೆಯದು, ಎರಡೂ ಕೈ ಬೇಕಾಗುವ ಆಟ. ಡಬ್ಬಿಯ ಮುಚ್ಚಳ ತೆಗೆಯುವುದು, ದೊಡ್ಡ ಚೆಂಡು ಎತ್ತುವುದು, ಒಂದು ಕೈ ಹಿಡಿದರೆ ಇನ್ನೊಂದು ಕೈ ಎಳೆಯುವುದು. ಎರಡರಲ್ಲೂ ಮಗುವೇ ಮಾಡಬೇಕು, ಮಗುವಿಗೇ ಬೇಕಾಗಿರಬೇಕು. ಚಾಪೆಯ ಮೇಲೆ ಅಳುವ ಮಗು ಕಲಿಯುವುದು ಚಾಪೆಯಿಂದ ಓಡುವುದನ್ನು ಮಾತ್ರ.

ಗಂಟೆಯ ಲೆಕ್ಕ ಕೇಳಿದಿರಿ. ಆಸ್ಟ್ರೇಲಿಯಾದಲ್ಲಿ 2009ರಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಸೆರೆಬ್ರಲ್ ಪಾಲ್ಸಿ ಇರುವ ಶಾಲೆ ವಯಸ್ಸಿನ ಮಕ್ಕಳು. ಏನು ಕಲಿಯಬೇಕು ಎಂದು ಮನೆಯವರೇ ಆರಿಸಿದ್ದರು. ಅವರು ಮಾಡಿಸಿದ್ದು ಸರಾಸರಿ ತಿಂಗಳಿಗೆ 17–18 ಸಲ, ಸಲಕ್ಕೆ 16–17 ನಿಮಿಷ. 8 ವಾರಕ್ಕೇ ವ್ಯತ್ಯಾಸ ಕಂಡಿತು. ನಿಮ್ಮ 14 ವ್ಯಾಯಾಮ ದಿನಕ್ಕೆ ಮೂರು ಸಲ ಎಂದರೆ ಎಷ್ಟಾಯಿತು, ನೀವೇ ಗುಣಿಸಿ ನೋಡಿ.

ಮೂರು ಚಕ್ರ

ಸರ್, ಹಾಗಾದರೆ ಮೂರು ವರ್ಷದ ಬಾಗಿಲು ಅನ್ನುವುದು ಸುಳ್ಳೇ?

ಹಳೇ ಫಿಸಿಯೋ

ಪೂರ್ತಿ ಸುಳ್ಳಲ್ಲ. ಕೂರುವುದು, ನಿಲ್ಲುವುದು, ನಡೆಯುವುದು, ಇಂಥ ದೊಡ್ಡ ಚಲನೆಗಳು ವಯಸ್ಸಿನ ಜೊತೆ ಹೇಗೆ ಬೆಳೆಯುತ್ತವೆ ಎಂದು ತೋರಿಸುವ, 2002ರಲ್ಲಿ ಪ್ರಕಟವಾದ ರೇಖೆಗಳಿವೆ. ಚಲನೆಯ ಮಟ್ಟವನ್ನು 1ರಿಂದ 5 ಎಂದು ವಿಂಗಡಿಸುತ್ತಾರೆ. 1 ಎಂದರೆ ಓಡಾಡುವ ಮಗು, 5 ಎಂದರೆ ತಲೆ ನಿಲ್ಲಿಸಲೂ ಕಷ್ಟಪಡುವ ಮಗು. 1ನೇ ಮಟ್ಟದ ಮಕ್ಕಳು ತಾವು ಮುಟ್ಟಬಹುದಾದ ಚಲನೆಯ ಸಾಮರ್ಥ್ಯದ ಶೇ. 90ನ್ನು 5 ವರ್ಷದ ಹತ್ತಿರ ಮುಟ್ಟುತ್ತಾರೆ. 5ನೇ ಮಟ್ಟದವರು 3 ವರ್ಷದೊಳಗೇ ಮುಟ್ಟುತ್ತಾರೆ. ಅದಕ್ಕೇ ಬೇಗ ಶುರು ಮಾಡಿ ಅನ್ನುವುದು. ಆದರೆ ಕೈಯ ಕೆಲಸ, ಮಾತು, ಬಟ್ಟೆ ಹಾಕಿಕೊಳ್ಳುವುದು, ಗಾಲಿಕುರ್ಚಿ ಓಡಿಸುವುದು ಈ ರೇಖೆಯಲ್ಲಿ ಇಲ್ಲ. ಅವು ಆಮೇಲೂ ಬರುತ್ತವೆ.

ಅಂದಹಾಗೆ, ನಿಮ್ಮ ಮಗನ ಸೊಂಟದ ಎಕ್ಸ್‌ರೇ ಕೊನೆಯ ಸಲ ಯಾವಾಗ ತೆಗೆಸಿದ್ದು?

ಬಿಸಿನೀರು

ನಾನು ಉಲ್ಟಾ ಮಾತು ಹೇಳುತ್ತೇನೆ. ನಮ್ಮದು ಸುಟ್ಟ ಗಾಯ.

ಮಗನಿಗೆ ಆಗ 4 ವರ್ಷ. ಬಿಸಿನೀರಿನ ಪಾತ್ರೆ ಮೈಮೇಲೆ ಎಳೆದುಕೊಂಡ. ಕುತ್ತಿಗೆ, ಎದೆ, ಬಲ ಕಂಕುಳು. ಚರ್ಮ ಕಸಿ ಆಯಿತು, ಗಾಯ ಮಾಗಿತು, ಮನೆಗೆ ಕರೆತಂದೆವು. ಮುಗಿಯಿತು ಎಂದುಕೊಂಡೆ. ಶುರುವಾದದ್ದೇ ಆಗ.

ಸುಟ್ಟ ಮಗು ನೋವಿಗೆ ಕೈಯನ್ನು ಮೈಗೆ ಒತ್ತಿಕೊಂಡು, ಗದ್ದ ಎದೆಗೆ ತಾಗಿಸಿಕೊಂಡು ಮಲಗುತ್ತದೆ. ಅದೇ ಅವನಿಗೆ ಆರಾಮ. ಯಾವುದು ಆರಾಮವೋ ಹಾಗೇ ಚರ್ಮ ಅಂಟಿಕೊಳ್ಳುತ್ತದೆ. ಅದಕ್ಕೆ ಕೈಯನ್ನು ರೆಕ್ಕೆಯ ಹಾಗೆ ಅಗಲಿಸಿ ಹಿಡಿಯುವ ಸ್ಪ್ಲಿಂಟ್ ಕೊಟ್ಟರು. ಜೊತೆಗೆ ಮೈಗೆ ಬಿಗಿಯಾಗಿ ಕೂರುವ ಅಂಗಿ, ದಿನಕ್ಕೆ 23 ಗಂಟೆ. ಸ್ನಾನ ಮತ್ತು ಎಣ್ಣೆ ಹಚ್ಚಿ ತಿಕ್ಕುವ ಹೊತ್ತು ಮಾತ್ರ ತೆಗೆಯಬೇಕು. ಒಂದು ವರ್ಷಕ್ಕಿಂತ ಜಾಸ್ತಿ. ಮಗು ಬೆಳೆದ ಹಾಗೆ, ಅಂಗಿಯ ಬಿಗಿ ಸಡಿಲಾದ ಹಾಗೆ ಮತ್ತೆ ಅಳತೆ ಕೊಟ್ಟು ಹೊಲಿಸಬೇಕು.

ಸೆಕೆ, ತುರಿಕೆ, ರಾತ್ರಿಯೆಲ್ಲಾ ಅಳು. ನೋಡಲಾರದೆ ಒಬ್ಬರು ಹಿರಿಯರು "ಪಾಪ, ರಾತ್ರಿಯಾದರೂ ಬಿಚ್ಚಿಡು" ಎಂದರು. ಹತ್ತು ದಿನ ಸ್ಪ್ಲಿಂಟ್ ಬಿಚ್ಚಿಟ್ಟೆ. ಅಲ್ಲಿಗೆ ಕಿವಿಯ ತನಕ ಹೋಗುತ್ತಿದ್ದ ಕೈ ಭುಜದ ಮಟ್ಟಕ್ಕೆ ನಿಂತಿತು. ಮತ್ತೆ ಮೇಲೆ ತರಲು ನಾಲ್ಕು ತಿಂಗಳು ಬೇಕಾಯಿತು. ನಮ್ಮ ಮನೆಯಲ್ಲಿ "ಮಗು ಅಳುತ್ತೆ, ಕಮ್ಮಿ ಮಾಡಿ" ಅನ್ನುವ ಸಲಹೆ ಕೆಲಸಕ್ಕೆ ಬರಲಿಲ್ಲ ಸರ್.

ಹಳೇ ಫಿಸಿಯೋ

ಒಪ್ಪಿದೆ ಮೇಡಂ, ನೂರಕ್ಕೆ ನೂರು. ನಿಮ್ಮಲ್ಲಿ ಎದುರಾಳಿ ಸುಟ್ಟ ಗಾಯದ ಕಲೆ, ಅದು ಹಗಲೂ ರಾತ್ರಿ ಎಳೆಯುತ್ತಿರುತ್ತದೆ. ಗಂಟೆಗಟ್ಟಲೆ ಹಿಡಿದಿಡುವುದೇ ಅದಕ್ಕೆ ಉತ್ತರ. ಕಲೆ ಮಾಗಲು ವರ್ಷ, ಒಂದೂವರೆ ವರ್ಷ, ಕೆಲವೊಮ್ಮೆ ಎರಡು ವರ್ಷ ಬೇಕು. ಮಗು ಬೆಳೆಯುತ್ತದೆ, ಕಲೆ ಅಷ್ಟು ಬೆಳೆಯುವುದಿಲ್ಲ. ಹಾಗಾಗಿ ಎತ್ತರ ಬರುವ ವಯಸ್ಸಿನಲ್ಲಿ ಮತ್ತೊಮ್ಮೆ ಬಿಗಿಯಬಹುದು. ದೊಡ್ಡವನಾಗುವ ತನಕ ತೋರಿಸುತ್ತಿರಿ.

ಪುಟ್ಟಿಯಲ್ಲಿ ಎದುರಾಳಿ ಅದಲ್ಲ. ಅವಳ ಕೈ ಹೇಗೆ ಕೆಲಸ ಮಾಡಬೇಕೆಂದು ಇನ್ನೂ ಕಲಿತಿಲ್ಲ.

ಪುಟ್ಟಿಯ ಅಮ್ಮ

ಎದುರಾಳಿ ಬೇರೆ ಅನ್ನುವುದನ್ನು ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಎಲ್ಲಾ ಮಕ್ಕಳ ಥೆರಪಿಯೂ ಒಂದೇ, ಮಾಡಿದಷ್ಟೂ ಒಳ್ಳೆಯದು ಎಂದುಕೊಂಡಿದ್ದೆ.

ಬೆಂಚಿನ ಅಪ್ಪ

ಹಾಗಾದರೆ ನಮ್ಮದನ್ನೂ ಸೇರಿಸಿಕೊಳ್ಳಿ. ನಾವು ತಪ್ಪಿದ್ದು ಜಾಸ್ತಿ ವಿಶ್ರಾಂತಿ ಕೊಟ್ಟು.

ಮಗಳಿಗೆ 12. ಆಡುವಾಗ ಬಿದ್ದು ತಲೆಗೆ ಪೆಟ್ಟಾಯಿತು. ಸ್ಕ್ಯಾನ್ ಸರಿಯಿತ್ತು, ಕನ್ಕಷನ್ ಎಂದರು, ಅಂದರೆ ಪೆಟ್ಟಿಗೆ ಮಿದುಳು ಅಲುಗಿದ್ದು. ಒಂದೆರಡು ದಿನ ವಿಶ್ರಾಂತಿ ಎಂದು ಚೀಟಿಯಲ್ಲಿ ಬರೆದಿತ್ತು. ಒಂದೆರಡು ದಿನ ಎಂದರೆ ಅವರು ಸುಮ್ನೆ ಬರೆಯುತ್ತಾರೆ, ತಲೆಯ ವಿಷಯ ಅಲ್ವಾ ಎಂದು ಮೂರು ವಾರ ಕತ್ತಲೆ ಕೋಣೆಯಲ್ಲಿ ಇಟ್ಟೆವು. ಪುಸ್ತಕ ಇಲ್ಲ, ಗೆಳತಿಯರಿಲ್ಲ, ಆಟ ಇಲ್ಲ. ತಲೆನೋವು ಹೆಚ್ಚಾಯಿತು, ನಿದ್ದೆ ಕೆಟ್ಟಿತು, ಬೇಸರದಿಂದ ಮಾತಾಡುವುದನ್ನೇ ಬಿಟ್ಟಳು. ಇನ್ನೊಬ್ಬ ಡಾಕ್ಟರ್ ನೋಡಿ "ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಮಾರಾಯರೆ" ಎಂದರು.

ಈಗಿನ ಪದ್ಧತಿ ಹೀಗಂತೆ. ಮೊದಲ 24ರಿಂದ 48 ಗಂಟೆ ಸಾಧಾರಣ ವಿಶ್ರಾಂತಿ, ಮೊಬೈಲು ಟಿವಿ ಕಮ್ಮಿ. ಆಗಲೂ ಮನೆಯೊಳಗೆ ಓಡಾಡಬಹುದು. ಆಮೇಲೆ ನಡಿಗೆ, ಸ್ವಲ್ಪ ಓದು, ಅರ್ಧ ದಿನ ಶಾಲೆ, ಪೂರ್ತಿ ಶಾಲೆ. ತಲೆಗೆ ಮತ್ತೆ ಪೆಟ್ಟು ಬೀಳಬಹುದಾದ ಆಟ ಎಲ್ಲಕ್ಕಿಂತ ಕೊನೆಗೆ, ಡಾಕ್ಟರ್ ಒಪ್ಪಿದ ಮೇಲೆ. ಮೊದಲು ಪಾಠ, ಆಮೇಲೆ ಪಂದ್ಯ. ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಸರಿಹೋಗುತ್ತಾರೆ. ನಮ್ಮವಳಿಗೆ ಮೂರು ತಿಂಗಳು ಹಿಡಿಯಿತು, ಅದರಲ್ಲಿ ಮೂರು ವಾರ ನಾವೇ ಕೊಟ್ಟದ್ದು.

ರಾತ್ರಿ ಪಾಳಿ

ಮಕ್ಕಳ ವಾರ್ಡಿನ ನರ್ಸ್ ನಾನು. ಮೇಲಿನದಕ್ಕೆ ಒಂದು ಎಚ್ಚರಿಕೆ. ಅದು ಸಣ್ಣ ಪೆಟ್ಟಿನ ಮಾತು. ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಹೆಚ್ಚುತ್ತಲೇ ಹೋಗುವ ತಲೆನೋವು ಇದ್ದರೆ ಇಲ್ಲಿ ಪೋಸ್ಟ್ ಹಾಕಿಕೊಂಡು ಕೂರಬೇಡಿ, ಆಸ್ಪತ್ರೆಗೆ ಓಡಿ.

ಇನ್ನೊಂದು. ದೊಡ್ಡ ಪೆಟ್ಟು ಬಿದ್ದ ಪುಟ್ಟ ಮಕ್ಕಳ ಬಗ್ಗೆ "ಎಳೆ ಮಿದುಳು, ಬೇಗ ಸರಿಹೋಗುತ್ತೆ" ಅನ್ನುತ್ತಾರಲ್ಲ, ಅದು ಅರ್ಧ ನಿಜ. ಎರಡು ವರ್ಷದಲ್ಲಿ ಬಿದ್ದ ಮಗು ಮೂರಕ್ಕೆ ಓಡಾಡುತ್ತಿರುತ್ತದೆ, ಎಲ್ಲರೂ ಮರೆತಿರುತ್ತಾರೆ. ಗಮನ ಇಡುವುದು, ಮುಂದಾಲೋಚನೆ, ಸಿಟ್ಟು ತಡೆಯುವುದು, ಇವೆಲ್ಲ ಬೇಕಾಗುವುದು ಎಂಟೊಂಬತ್ತು ವರ್ಷಕ್ಕೆ. ಕೊರತೆ ಕಾಣುವುದೂ ಆಗಲೇ. ಅಷ್ಟು ಹೊತ್ತಿಗೆ "ಸೋಮಾರಿ, ಹಟಮಾರಿ" ಎಂದು ಹೆಸರು ಬಿದ್ದಿರುತ್ತದೆ. ಹಳೆಯ ಡಿಸ್ಚಾರ್ಜ್ ಚೀಟಿ ಎಸೆಯಬೇಡಿ, ಶಾಲೆಯವರಿಗೆ ತೋರಿಸಿ.

ಗೋಡೆ ಹತ್ತುವವನ ತಾಯಿ

ನನ್ನದು ಚಿಕ್ಕ ಪ್ರಶ್ನೆ. ಮಗ 6 ವರ್ಷ, ಮೊಣಕೈ ಮೇಲೆ ಮೂಳೆ ಮುರಿದು ಪ್ಲಾಸ್ಟರ್ ಮೊನ್ನೆ ತೆಗೆದರು. ಕೈ ಪೂರ್ತಿ ನೆಟ್ಟಗಾಗುತ್ತಿಲ್ಲ. ಉಜ್ಜಿ ಎಳೆಸುವವರ ಹತ್ತಿರ ಹೋಗು ಅನ್ನುತ್ತಿದ್ದಾರೆ.

ಹಳೇ ಫಿಸಿಯೋ

ಹೋಗಬೇಡಿ. ಮಗುವಿನ ಮೊಣಕೈಯನ್ನು ಬಲವಂತವಾಗಿ ಎಳೆಯಬಾರದು, ತಿಕ್ಕಬಾರದು. ಸ್ನಾಯುವಿನೊಳಗೆ ಮೂಳೆ ಬೆಳೆದು ಇನ್ನೂ ಬಿಗಿಯಬಹುದು. ಸಾಮಾನ್ಯ ಮುರಿತವಾದರೆ ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ, ಆಟದಲ್ಲೇ ಬಿಡಿಸಿಕೊಳ್ಳುತ್ತದೆ. ಬೆರಳು ಜೋಮು, ಬಣ್ಣ ಬದಲಾಗುವುದು, ನೋವು ಹೆಚ್ಚುವುದು ಇದ್ದರೆ ಮಾತ್ರ ಕೂಡಲೇ ಮೂಳೆ ಡಾಕ್ಟರ್. ನಮಗೆ ಕೆಲಸವಿಲ್ಲದ ಜಾಗ ಇದು, ಖುಷಿಯಿಂದಲೇ ಹೇಳುತ್ತೇನೆ.

ಹೊಸ ದಾರಿ

ಪುಟ್ಟಿಯ ಅಮ್ಮನವರೇ, ಆಮ್ಲಜನಕದ ಕೋಣೆ ಕೇಳಿದ್ದೀರಾ? ಒತ್ತಡದಲ್ಲಿ ಶುದ್ಧ ಆಮ್ಲಜನಕ ಕೊಡುತ್ತಾರೆ, ನಿದ್ದೆ ಮಾಡುತ್ತಿರುವ ಮಿದುಳಿನ ಕೋಶ ಏಳುತ್ತವಂತೆ. ನಮ್ಮ ಪರಿಚಯದ ಮಗು 40 ಸಲ ಹೋಗಿ ಬಂದ ಮೇಲೆ ಎಷ್ಟೋ ಚುರುಕಾಗಿದೆ. ಕಣ್ಣಾರೆ ಕಂಡಿದ್ದೇನೆ.

ಹಳೇ ಫಿಸಿಯೋ

ಕಂಡದ್ದು ನಿಜವೇ ಇರಬಹುದು. ಕಾರಣ ಅದಲ್ಲ. 2001ರಲ್ಲಿ ಕೆನಡಾದ ಪ್ರಯೋಗ ಒಂದು ಪ್ರಕಟವಾಯಿತು. ಸೆರೆಬ್ರಲ್ ಪಾಲ್ಸಿ ಇರುವ 111 ಮಕ್ಕಳು. ಕೆಲವರಿಗೆ ಒತ್ತಡದ ಆಮ್ಲಜನಕ, ಇನ್ನು ಕೆಲವರಿಗೆ ಸ್ವಲ್ಪವೇ ಒತ್ತಿದ ಮಾಮೂಲಿ ಗಾಳಿ, 40 ಸಲ. ಎರಡೂ ಗುಂಪು ಸುಧಾರಿಸಿದವು, ಸಮಸಮವಾಗಿ. ಅಂದರೆ ಆಮ್ಲಜನಕದ ಪಾತ್ರ ಏನೂ ಕಾಣಲಿಲ್ಲ. ನನ್ನ ಊಹೆ ಕೇಳಿದರೆ, 40 ದಿನ ಮನೆಯವರ ಗಮನವೆಲ್ಲ ಒಂದೇ ಮಗುವಿನ ಮೇಲೆ ಇತ್ತು, ಹೊಸ ಜಾಗ, ಹೊಸ ಮಕ್ಕಳು. ಅದಕ್ಕೆ ಕೋಣೆ ಬೇಕಿಲ್ಲ. ಕಿವಿಯ ತಮಟೆಗೆ ಒತ್ತಡದ ಪೆಟ್ಟು ಬೀಳುವುದಂತೂ ಇದ್ದೇ ಇದೆ.

ಹೊಸ ದಾರಿ

ಎಲ್ಲದಕ್ಕೂ ಪುರಾವೆ ಕೇಳುತ್ತಾ ಕೂತರೆ ತಾಯಿಗೆ ಭರವಸೆ ಕೊಡುವವರು ಯಾರು ಸರ್?

ಹಳೇ ಫಿಸಿಯೋ

ನಿಮ್ಮ ಮನಸ್ಸು ಒಳ್ಳೆಯದೇ. ಆ 40 ದಿನ ಪುಟ್ಟಿ ಚೆಂಡು ಎತ್ತಲಿ ಎನ್ನುವುದು ನನ್ನ ಹಟ.

ನಾನೇ ಆ ಮಗು

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನನಗೆ 34. ಸೆರೆಬ್ರಲ್ ಪಾಲ್ಸಿ, ಎರಡೂ ಕಾಲು. ಮೂರು ಚಕ್ರ ಅಣ್ಣ ಬರೆದದ್ದು ಓದಿ ಕೈ ತಡೆಯಲಿಲ್ಲ.

ಅಣ್ಣಾ, ನನ್ನ ಅಮ್ಮನೂ ಒಂದು ದಿನ ತಪ್ಪಿಸಿದವಳಲ್ಲ. ನಾನು ಹನ್ನೆರಡು ವರ್ಷದವನಾಗುವ ತನಕ, ದಿನಾ ಬೆಳಿಗ್ಗೆ ಸಂಜೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಒಂದು ವಿಷಯ ಮಾತ್ರ ಹೇಳಬೇಕು. ಅಮ್ಮ ಕೋಣೆಗೆ ಬಂದ ಕೂಡಲೇ ನನ್ನ ಕಾಲು ತಾವಾಗಿ ಬಿಗಿಯುತ್ತಿದ್ದವು. ಹೊದಿಕೆ ಹೊದಿಸಲು ಬಂದರೂ ಬಿಗಿಯುತ್ತಿದ್ದವು. ಅಮ್ಮ "ಇವತ್ತು ಬಿಗಿತ ಜಾಸ್ತಿ" ಎಂದು ಇನ್ನೂ ಹತ್ತು ನಿಮಿಷ ಸೇರಿಸುತ್ತಿದ್ದಳು. ಹೆದರಿದರೆ, ಅತ್ತರೆ ನಮ್ಮಂಥವರ ಸ್ನಾಯು ಇನ್ನೂ ಸೆಟೆಯುತ್ತದೆ ಎಂದು ನನಗೆ ಯಾರೋ ಹೇಳಿದಾಗ ನನಗೆ 20 ದಾಟಿತ್ತು. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಗಾಲಿಕುರ್ಚಿ ತಗೊಳ್ಳುವುದು ಸೋತ ಹಾಗೆ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಊರುಗೋಲಿನಲ್ಲಿ ತರಗತಿಯಿಂದ ಮೈದಾನಕ್ಕೆ ಹೋಗುವಷ್ಟರಲ್ಲಿ ಬಿಡುವಿನ ಗಂಟೆ ಹೊಡೆಯುತ್ತಿತ್ತು. 15ನೇ ವಯಸ್ಸಿಗೆ ಕುರ್ಚಿ ಬಂತು. ಮೊದಲ ದಿನವೇ ಗೆಳೆಯರಿಗಿಂತ ಮುಂಚೆ ಮೈದಾನದಲ್ಲಿದ್ದೆ, ಅವರು ಬರುವ ತನಕ ಕಾದೆ. ಕಾಯುವುದು ಎಷ್ಟು ಚೆನ್ನಾಗಿರುತ್ತದೆ ಅಂತ ಗೊತ್ತಾ? ಈಗ ಎರಡು ವರ್ಷದೊಳಗಿನ ಮಕ್ಕಳಿಗೂ ಬ್ಯಾಟರಿ ಕುರ್ಚಿ, ಆಟದ ಕಾರು ಕೊಟ್ಟು ಓಡಾಡಲು ಕಲಿಸುತ್ತಾರೆ. ನಡೆಯುವ ಪ್ರಯತ್ನ ಅದರಿಂದ ನಿಲ್ಲುವುದಿಲ್ಲ.

ಇನ್ನೊಂದು, ಸ್ವಲ್ಪ ಆಚೆಯ ಮಾತು. ಇಂಥ ಥೆರಪಿಗೆಲ್ಲ ಹೇಳುವ "ಪುನರ್ವಸತಿ" ಅನ್ನುವ ಪದ ನನಗೆ ಹಿಡಿಸುವುದಿಲ್ಲ. ಮನೆ ಮುಳುಗಿದವರಿಗೆ ಹೊಸ ಜಾಗ ಕೊಡುವ ಹಾಗೆ ಕೇಳುತ್ತದೆ. "ಪುನಃ" ಎಂದರೆ ಮತ್ತೆ. ಬಿಸಿನೀರು ಅಕ್ಕನ ಮಗ, ಬೆಂಚಿನ ಅಪ್ಪನ ಮಗಳು ಇದ್ದದ್ದನ್ನು ಮತ್ತೆ ಪಡೆಯಬೇಕು, ಸರಿ. ನಾನು, ಪುಟ್ಟಿ, ಅಣ್ಣನ ಮಗ ಯಾವುದನ್ನು "ಮತ್ತೆ" ಪಡೆಯುವುದು? ನಾವು ಮೊದಲ ಸಲ ಕಲಿಯುತ್ತಿರುವವರು. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದದ 26ನೇ ವಿಧಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ ಇದೆ: ಮತ್ತೆ ಪಡೆಯುವುದು ರಿಹ್ಯಾಬಿಲಿಟೇಶನ್, ಮೊದಲ ಸಲ ಕಲಿಯುವುದು ಹ್ಯಾಬಿಲಿಟೇಶನ್. ಕನ್ನಡದಲ್ಲಿ ಯಾರಾದರೂ ಒಂದು ಒಳ್ಳೆ ಪದ ಹುಡುಕಿ.

ಬಿಸಿನೀರು

"ಕಲಿಕೆ" ಸಾಕಲ್ವಾ?

ಚಿತ್ರದ ಪುಸ್ತಕ

ಕಾಯುವುದು ಚೆನ್ನಾಗಿರುತ್ತದೆ ಎಂದಿರಲ್ಲ, ಎದ್ದು ಹೋಗಿ ನೀರು ಕುಡಿದು ಬಂದೆ.

ಕುರ್ಚಿಯ ಮಾತಿಗೇ ನಮ್ಮದೂ ಜೋಡಿ. ಮಗನಿಗೆ 3 ವರ್ಷ, ಮಾತಿಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿದರು. ಮಾತು ತಡವಾದ ಯಾವ ಮಗುವಿಗೂ ಅದೇ ಮೊದಲು, "ಶಬ್ದಕ್ಕೆ ತಿರುಗುತ್ತಾನೆ" ಎಂದು ನಾವು ಹೇಳಿದರೆ ಸಾಲದು. ಕಿವಿ ಸರಿಯಿತ್ತು, ಆಟಿಸಂ ಎಂದು ತಿಳಿಯಿತು. ಚಿತ್ರದ ಕಾರ್ಡು ಶುರು ಮಾಡೋಣ ಎಂದಾಗ ನಾನು ಬೇಡ ಎಂದೆ. ಚಿತ್ರ ತೋರಿಸಿ ಕೆಲಸ ಆಗುವುದಾದರೆ ಬಾಯಿ ಯಾಕೆ ಬಿಡುತ್ತಾನೆ ಎಂಬ ಭಯ. ಆರು ತಿಂಗಳು ಹೀಗೇ ಕಳೆದೆ. ಕಾರ್ಡಿನಿಂದ ಮಾತು ಕುಂಠಿತವಾಗುವುದಿಲ್ಲ, ಹಲವು ಮಕ್ಕಳಲ್ಲಿ ಸ್ವಲ್ಪ ಹೆಚ್ಚೇ ಆಗುತ್ತದೆ ಎಂದು ಆಮೇಲೆ ತಿಳಿಯಿತು. ಅವನು ಮೊದಲು ತಂದುಕೊಟ್ಟ ಕಾರ್ಡು "ಸಾಕು." ಮೂರು ವರ್ಷ ಅವನಿಗೆ ಸಾಕು ಎನ್ನಲು ದಾರಿಯೇ ಇರಲಿಲ್ಲ ನೋಡಿ, ಕಚ್ಚುತ್ತಿದ್ದ.

ಮೂರು ಚಕ್ರ

ಎರಡು ವಾರ ಇಲ್ಲಿಗೆ ಬರಲಿಲ್ಲ. ಫಿಸಿಯೋ ಸರ್ ಎಕ್ಸ್‌ರೇ ಕೇಳಿದ್ದರಲ್ಲ. ಉತ್ತರ ಕೊಡಲಿಲ್ಲ, ಏಕೆಂದರೆ ಒಮ್ಮೆಯೂ ತೆಗೆಸಿರಲಿಲ್ಲ. ಐದು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ನಾವೂ ಕೇಳಲಿಲ್ಲ, ಅವನಿಗೆ ನೋವೇ ಇರಲಿಲ್ಲ.

ಮೊನ್ನೆ ತೆಗೆಸಿದೆವು. ಎಡ ಸೊಂಟದ ಕೀಲು ಶೇ. 38 ಹೊರಗೆ ಬಂದಿದೆ. ಬಲದ್ದು ಶೇ. 24. ಅವನದು 4ನೇ ಮಟ್ಟವಂತೆ. ಶಸ್ತ್ರಚಿಕಿತ್ಸೆ ಬೇಕಾಗಬಹುದು, ಇನ್ನೂ ನಿರ್ಧಾರವಾಗಿಲ್ಲ. ದಿನಕ್ಕೆ ನಾಲ್ಕು ಗಂಟೆ ಆ ಕಾಲನ್ನು ನಾನೇ ಹಿಡಿದುಕೊಂಡಿದ್ದೆ.

ಹಳೇ ಫಿಸಿಯೋ

ಅಣ್ಣಾ, ನೀವು ಎಳೆದದ್ದರಿಂದ ಇದು ಆಗಿದ್ದಲ್ಲ. ಮೊದಲು ಅದನ್ನು ತಲೆಯಿಂದ ತೆಗೆಯಿರಿ. ನಿಲ್ಲದ, ನಡೆಯದ ಮಕ್ಕಳಲ್ಲಿ ಕೀಲಿನ ಬಟ್ಟಲು ಸರಿಯಾಗಿ ಆಳವಾಗುವುದಿಲ್ಲ, ಬಿಗಿ ಸ್ನಾಯು ತೊಡೆಯ ಮೂಳೆಯನ್ನು ಹೊರಗೆ ತಳ್ಳುತ್ತದೆ. 2006ರ ಒಂದು ಅಧ್ಯಯನದಲ್ಲಿ 1ನೇ ಮಟ್ಟದ ಯಾವ ಮಗುವಿಗೂ ಸೊಂಟ ಜಾರಿರಲಿಲ್ಲ. 3ನೇ ಮಟ್ಟದಲ್ಲಿ ಶೇ. 41, 4ರಲ್ಲಿ ಶೇ. 69, 5ರಲ್ಲಿ ಶೇ. 90. ಶುರುವಿನಲ್ಲಿ ನೋವೇ ಇರುವುದಿಲ್ಲ, ಅದಕ್ಕೇ ಎಕ್ಸ್‌ರೇ. ಪೂರ್ತಿ ಜಾರಿದ ಮೇಲೆ ಬರುವವರು ಎಷ್ಟೋ ಜನ. 38ಕ್ಕೆ ಸಿಕ್ಕಿದೆ, ಮಾಡುವುದಕ್ಕೆ ದಾರಿಗಳು ಇವೆ.

ಇದನ್ನು ಓದುತ್ತಿರುವ, ನಡೆಯದ ಮಗು ಇರುವ ಎಲ್ಲರೂ ಮುಂದಿನ ಸಲ ಡಾಕ್ಟರ್ ಹತ್ತಿರ ಸೊಂಟದ ಎಕ್ಸ್‌ರೇ ವಿಷಯ ಎತ್ತಿ. ಅವರು ಎತ್ತಲಿ ಎಂದು ಕಾಯಬೇಡಿ.

ನಾನೇ ಆ ಮಗು

ಅಣ್ಣಾ, ನನ್ನ ಎಡ ಸೊಂಟಕ್ಕೂ 9 ವರ್ಷಕ್ಕೆ ಆಪರೇಷನ್ ಆಗಿದೆ. ಮಗನಿಗೆ ಏನು ಹೇಳಬೇಕು, ಪ್ಲಾಸ್ಟರಿನಲ್ಲಿ ಹೇಗಿರುತ್ತೆ ಎಂದು ಕೇಳಬೇಕಾದರೆ ಸಂದೇಶ ಕಳಿಸಿ. ತುರಿಕೆಗೆ ನನ್ನ ಹತ್ತಿರ ಒಳ್ಳೆ ಉಪಾಯ ಇದೆ.

ಮೂರು ಚಕ್ರ

ಕಳಿಸಿದೆ. ನಾಲ್ಕು ಗಂಟೆಯನ್ನು ಈಗ ಒಂದಕ್ಕೆ ಇಳಿಸಿದ್ದೇವೆ, ಅದೂ ನಿಲ್ಲಿಸುವ ಚೌಕಟ್ಟಿನಲ್ಲಿ ನಿಂತು ತಂಗಿಯ ಜೊತೆ ಆಡುವುದು. ಉಳಿದ ಮೂರು ಗಂಟೆ ಏನು ಮಾಡುವುದು ಎಂದು ನನಗೇ ತಿಳಿಯುತ್ತಿಲ್ಲ. ನಿನ್ನೆ ಸುಮ್ನೆ ಪಕ್ಕದಲ್ಲಿ ಮಲಗಿದ್ದೆ. "ಅಪ್ಪಾ, ಕಾಲು ಬೇಡ್ವಾ?" ಎಂದು ಕೇಳಿದ.

ಪುಟ್ಟಿಯ ಅಮ್ಮ

ತಿಂಗಳಾಯಿತು, ಹೇಳದೆ ಇದ್ದರೆ ತಪ್ಪಾಗುತ್ತದೆ.

ಥೆರಪಿಸ್ಟ್ ಹತ್ತಿರ ಮಾತಾಡಿದೆ. ಹೆದರಿಕೊಂಡೇ ಹೋಗಿದ್ದೆ. ಹಾಳೆ ಮುಂದಿಟ್ಟು "ಇಷ್ಟೂ ಆಗುತ್ತಿಲ್ಲ ಮೇಡಂ" ಎಂದೆ. ಅವರು ನಕ್ಕರು. "14 ಬರೆದರೆ 3 ಆದರೂ ಮಾಡಿಸುತ್ತಾರೆ ಅಂತ ಬರೆಯುತ್ತೇವೆ. 3 ಬರೆದರೆ 'ಇಷ್ಟೇನಾ' ಎಂದು ಬೇರೆ ಕಡೆ ಹೋಗುತ್ತಾರೆ" ಎಂದರು. ಸಿಟ್ಟು ಬಂತು. ಒಂಬತ್ತು ತಿಂಗಳು 14ನ್ನೂ ಮಾಡಿಸಿದ ಒಬ್ಬಳೇ ಪೆದ್ದಿ ನಾನೇ ಇರಬೇಕು. ಆಮೇಲೆ ನಗುವೂ ಬಂತು.

ಅವರು ಕೇಳಿದ ಮೊದಲ ಪ್ರಶ್ನೆ, ಪುಟ್ಟಿಗೆ ಏನು ಬೇಕು? ನಾನು "ಬೆರಳು ಬಿಡಿಸಬೇಕು" ಎಂದೆ. "ಅದು ನಿಮಗೆ ಬೇಕು, ಅವಳಿಗೆ?" ಎಂದರು. ಯೋಚಿಸಿದೆ. ಅವಳಿಗೆ ಅಂಗಿ ತಾನೇ ಹಾಕಿಕೊಳ್ಳಬೇಕು, ನಾವು ಮುಟ್ಟಿದರೆ ಕಿರುಚುತ್ತಾಳೆ. ಅದನ್ನೇ ಹಿಡಿದೆವು. ಬಲಗೈ ತೋಳು ಮೊದಲು, ಎಡಗೈ ಆಮೇಲೆ. ಬಿಚ್ಚುವಾಗ ಉಲ್ಟಾ, ಚೆನ್ನಾಗಿರುವ ಎಡಗೈ ಮೊದಲು. ಎರಡು ವರ್ಷದಿಂದ ಬಟ್ಟೆ ಹಾಕುತ್ತಿದ್ದೇನೆ, ಈ ಸರಳ ವಿಷಯ ನನಗೆ ಗೊತ್ತಿರಲಿಲ್ಲ.

ಸಂಜೆ ಅರ್ಧ ಗಂಟೆ ಎಡಗೈಗೆ ಗವಸು. ಅದಕ್ಕೆ ಕಣ್ಣು ಬಾಯಿ ಬರೆದಿದ್ದೇನೆ, "ಇದು ಈಗ ಮಲಗಿದೆ, ಎಬ್ಬಿಸಬೇಡ" ಎಂದರೆ ತಾನೇ ಬೆರಳು ತುಟಿಗೆ ಇಟ್ಟುಕೊಂಡು ಶ್ ಅನ್ನುತ್ತಾಳೆ. ಬಲಗೈ ಬೆರಳು. ಮೊದಲ ದಿನ ನಾನು ಅದನ್ನು ಗಮನಿಸಲೇ ಇಲ್ಲ, ಅತ್ತೆ ತೋರಿಸಿದರು.

ಎಲ್ಲಾ ಚೆನ್ನಾಗಿದೆ ಅಂತಲ್ಲ. ಮೂರು ದಿನಕ್ಕೊಮ್ಮೆ ಗವಸು ಕಿತ್ತು ಎಸೆಯುತ್ತಾಳೆ. ಪಾದದ ಬಿಗಿತಕ್ಕೆ ಮುಂದಿನ ತಿಂಗಳು ಪ್ಲಾಸ್ಟರ್ ಹಾಕೋಣ ಎಂದಿದ್ದಾರೆ. ಚಾಪೆಯನ್ನು ಮಡಚಿ ಅಟ್ಟದ ಮೇಲೆ ಹಾಕಿದ್ದೇವೆ. ಬೆಳಿಗ್ಗೆ ಅಂಗಿಗೆ 11 ನಿಮಿಷ ಬೇಕು, ನಮ್ಮನೆಯವರು ಗಡಿಯಾರ ನೋಡಿ ಹೇಳಿದ್ದು. ಅದಕ್ಕೆ ಹದಿನೈದು ನಿಮಿಷ ಬೇಗ ಏಳುತ್ತಿದ್ದೇವೆ.

ಬಿಸಿನೀರು

ಅಂಗಿಗೆ ಗುಂಡಿ ಇದೆಯಾ, ತಲೆಯಿಂದ ಹಾಕುವುದಾ?

ಪುಟ್ಟಿಯ ಅಮ್ಮ

ತಲೆಯಿಂದ ಹಾಕುವುದು. ಗುಂಡಿ ಮುಂದಿನ ವರ್ಷಕ್ಕಂತೆ. ಅವಳು ಮಾತ್ರ ಇವತ್ತೇ ಅಪ್ಪನ ಶರ್ಟಿನ ಗುಂಡಿ ಹಿಡಿದುಕೊಂಡು ಕೂತಿದ್ದಾಳೆ.